ಫೆಬೆ ಒಯ್ದ ಪತ್ರ: ಪರದೇಶಕ್ಕೆ ಹೋಗುವ ನರ್ಸ್‌ಗಳ ನೋಂದಣಿಯ ಚರಿತ್ರೆ



ಸೆಪ್ಟೆಂಬರ್ 8ರಂದು ಕನ್ಯಾ ಮರಿಯಮ್ಮನವರ ಜನನೋತ್ಸವ. ಕರಾವಳಿಯ ಕಥೋಲಿಕರಿಗೂ, ಅಲ್ಲಿಂದ ಘಟ್ಟ ಹತ್ತಿ ಬಂದು ಮಲೆನಾಡಿನಲ್ಲಿ ನೆಲೆಸಿದ ಕುಟುಂಬಗಳಿಗೂ ಇದು ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ದು, ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆ ದಿನ ಊಟಕ್ಕೆ ಕುಳಿತಾಗ ಯಾರು ಇಲ್ಲ ಎಂಬುದು ಎದ್ದು ಕಾಣುತ್ತದೆ. ಅದಕ್ಕಾಗಿಯೇ ತಾಯಂದಿರು ನಾಲ್ಕು ಕಾಳು ಭತ್ತವನ್ನು ಕಾಗದದಲ್ಲಿ ಸುತ್ತಿ, ಲಕೋಟೆಯಲ್ಲಿಟ್ಟು ದೂರದ ಮಕ್ಕಳಿಗೆ ಕಳುಹಿಸುತ್ತಾರೆ.

ಒಂದು ಕಾಲದಲ್ಲಿ ಆ ಲಕೋಟೆಗಳ ಮೇಲೆ ಮುಂಬಯಿಯ ವಿಳಾಸವಿರುತ್ತಿತ್ತು. ಆಮೇಲೆ ಕುವೈತ್, ದುಬೈ ಬಂದವು. ಈಗ ಬರ್ಮಿಂಗ್‌ಹ್ಯಾಮ್, ಡಬ್ಲಿನ್, ಮ್ಯೂನಿಕ್. ಅಲ್ಲಿರುವ ನಮ್ಮ ಮಕ್ಕಳಲ್ಲಿ ಅನೇಕರು ನರ್ಸ್‌ಗಳು. ಹೋಗಬೇಕೆಂದು ಕಾಯುತ್ತಿರುವವರೂ ನಮ್ಮ ನಡುವೆ ಇದ್ದಾರೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಅರ್ಧ ಅಂಕ ಕಡಿಮೆಯಾಯಿತೆಂದು ಅತ್ತವರನ್ನು ನಾನು ಕಂಡಿದ್ದೇನೆ. "ಫಾದರ್, ನಾಲ್ಕು ವರ್ಷ ಓದಿದೆ, ವಾರ್ಡಿನಲ್ಲಿ ಹಗಲೂ ರಾತ್ರಿ ದುಡಿದೆ. ಇಷ್ಟಾದರೂ ನನ್ನನ್ನು ಯಾಕೆ ನಂಬುವುದಿಲ್ಲ? ಮತ್ತೆ ಯಾಕೆ ಪರೀಕ್ಷೆ?" ಎಂದು ಕೇಳಿದವರಿದ್ದಾರೆ. ಈ ಪ್ರಶ್ನೆ ಸಣ್ಣದಲ್ಲ. ಇದಕ್ಕೆ ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ಪರಿಚಯ ಪತ್ರ

ತೆನೆ ಹಬ್ಬಕ್ಕೆ ಐದು ದಿನ ಮೊದಲು, ಸೆಪ್ಟೆಂಬರ್ 3ರಂದು, ಧರ್ಮಸಭೆ ಸಂತ ಫೆಬೆಯನ್ನು ಸ್ಮರಿಸುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಆಕೆಯ ಹೆಸರು ಗೊತ್ತಿರಲಾರದು. ಕೊರಿಂಥ ಪಟ್ಟಣದ ಬಂದರಾದ ಕೆಂಖ್ರೆಯದ ಧರ್ಮಸಭೆಯಲ್ಲಿ ಆಕೆ ಸೇವಕಿಯಾಗಿದ್ದಳು. ರೋಮನರಿಗೆ ಬರೆದ ಪತ್ರದ 16ನೆಯ ಅಧ್ಯಾಯದ ಮೊದಲಲ್ಲೇ ಸಂತ ಪೌಲರು ಆಕೆಯನ್ನು ರೋಮಿನ ಭಕ್ತರಿಗೆ ಪರಿಚಯಿಸುತ್ತಾರೆ. ಆಕೆಯನ್ನು ಪ್ರಭುವಿನ ಹೆಸರಿನಲ್ಲಿ ಬರಮಾಡಿಕೊಳ್ಳಿರಿ, ಬೇಕಾದ ಸಹಾಯ ಮಾಡಿರಿ ಎಂದು ಕೇಳಿಕೊಳ್ಳುತ್ತಾರೆ. ಆಕೆ ಅನೇಕರಿಗೆ, ತಮಗೂ ಸಹ, ನೆರವಾದವಳೆಂದು ಕಾರಣವನ್ನೂ ಕೊಡುತ್ತಾರೆ. ಆ ಪತ್ರವನ್ನು ರೋಮಿಗೆ ಒಯ್ದವಳೂ ಫೆಬೆಯೇ ಎಂಬುದು ಅನೇಕ ಬೈಬಲ್ ಪಂಡಿತರ ಅಭಿಪ್ರಾಯ.

ಗಮನಿಸಿರಿ. ಸೇವೆ ಮಾಡಲು ಬಂದ ಪರಊರಿನ ಹೆಣ್ಣುಮಗಳು. ಆಕೆಯನ್ನು ಅಲ್ಲಿ ಯಾರೂ ಬಲ್ಲವರಿಲ್ಲ. ಆಕೆಯನ್ನು ನಂಬಬಹುದು ಎಂದು ಹೇಳಲು ಆಕೆಯನ್ನು ಬಲ್ಲವರ ಒಂದು ಪತ್ರ ಬೇಕಾಯಿತು. ಇಂದು ನರ್ಸಿಂಗ್ ಕೌನ್ಸಿಲ್‌ಗಳು ಕೇಳುವುದೂ ಮೂಲತಃ ಇದನ್ನೇ. ಆದರೆ ಒಬ್ಬರ ಮಾತಿನ ಮೇಲಿದ್ದ ಈ ನಂಬಿಕೆ ಪರೀಕ್ಷೆಯಾಗಿ, ದಾಖಲೆ ಪುಸ್ತಕವಾಗಿ, ಕಾನೂನಾಗಿ ಬದಲಾದದ್ದು ಹೇಗೆ?

ಇಬ್ಬರು ಮಹಿಳೆಯರ ವಾದ

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆದರು. ಅದನ್ನು ನೋಡಿ ಬೇರೆ ಆಸ್ಪತ್ರೆಗಳೂ ಶಾಲೆ ತೆರೆದವು. ಕೆಲವು ಒಂದು ವರ್ಷ ಕಲಿಸುತ್ತಿದ್ದವು, ಕೆಲವು ಮೂರು ವರ್ಷ. ಏನೂ ಕಲಿಯದೆ ಟೋಪಿ, ಏಪ್ರನ್ ಧರಿಸಿ ತಾನೂ ನರ್ಸ್ ಎಂದುಕೊಂಡರೆ ತಡೆಯುವವರೂ ಇರಲಿಲ್ಲ. ಇದನ್ನು ಕಂಡು ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಎಂಬ ಮೇಟ್ರನ್ 1887ರಲ್ಲಿ ನರ್ಸ್‌ಗಳ ಸಂಘ ಕಟ್ಟಿ ಹೋರಾಟಕ್ಕಿಳಿದರು. ನಿಗದಿತ ಕಾಲ ಕಲಿಯಬೇಕು, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಅಂಥವರ ಹೆಸರು ಮಾತ್ರ ಒಂದು ರಿಜಿಸ್ಟರಿನಲ್ಲಿ ದಾಖಲಾಗಬೇಕು ಎಂಬುದು ಅವರ ಬೇಡಿಕೆ.

ಇದನ್ನು ಬಲವಾಗಿ ವಿರೋಧಿಸಿದವರು ಯಾರು ಗೊತ್ತೇ? ನೈಟಿಂಗೇಲರೇ! ಅವರ ಮಾತಿನಲ್ಲೂ ಅರ್ಥವಿತ್ತು. ಒಳ್ಳೆಯ ನರ್ಸಿಗೆ ಬೇಕಾದ ಗುಣ, ತಾಳ್ಮೆ, ಸಮರ್ಪಣೆ ಇವನ್ನು ಪರೀಕ್ಷೆಯಲ್ಲಿ ಅಳೆಯಲಾಗದು. ಒಮ್ಮೆ ಹೆಸರು ದಾಖಲಾದರೆ ಆಮೇಲೆ ಆಕೆ ಹೇಗೆ ನಡೆದುಕೊಳ್ಳುತ್ತಾಳೆಂದು ಆ ಪುಸ್ತಕ ಹೇಳದು ಎಂದು ಅವರು ವಾದಿಸಿದರು.

ವಾದ ಮೂವತ್ತು ವರ್ಷ ನಡೆಯಿತು. ಅಷ್ಟರಲ್ಲಿ ನ್ಯೂಜಿಲೆಂಡ್ ದೇಶ 1901ರಲ್ಲಿ ನರ್ಸ್‌ಗಳ ನೋಂದಣಿಗೆಂದೇ ಜಗತ್ತಿನ ಮೊದಲ ಪ್ರತ್ಯೇಕ ಕಾನೂನು ಮಾಡಿತು. 1902ರ ಜನವರಿ 10ರಂದು ಎಲೆನ್ ಡೌಗರ್ಟಿ ಎಂಬವರು ಅದರಡಿ ಮೊದಲ ನೋಂದಾಯಿತ ನರ್ಸ್ ಆದರು. ನೈಟಿಂಗೇಲ್ 1910ರಲ್ಲಿ ತೀರಿಕೊಂಡರು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಬ್ರಿಟನ್ನಿನಲ್ಲೂ ಕಾನೂನು ಬಂದಿತು. ಇಂಗ್ಲೆಂಡಿನ ರಿಜಿಸ್ಟರಿನಲ್ಲಿ ಮೊದಲ ಹೆಸರು ಫೆನ್ವಿಕ್ ಅವರದೇ.

ಇಬ್ಬರಲ್ಲಿ ಯಾರು ಸರಿ? ನನಗೆ ತೋಚುವಂತೆ ಇಬ್ಬರೂ ಸರಿ. ನಡುರಾತ್ರಿ ಪ್ರಜ್ಞೆಯಿಲ್ಲದೆ ಮಲಗಿರುವ ರೋಗಿ, ತನಗೆ ಚುಚ್ಚುಮದ್ದು ಕೊಡಲು ಬಂದವಳು ಕಲಿತವಳೋ ಅಲ್ಲವೋ ಎಂದು ಕೇಳಲಾರ. ಅವನ ಪರವಾಗಿ ಬೇರೆ ಯಾರಾದರೂ ಕೇಳಬೇಕು. ರಿಜಿಸ್ಟರ್ ಹುಟ್ಟಿದ್ದು ಆ ಅಸಹಾಯಕ ರೋಗಿಯ ರಕ್ಷಣೆಗೆ. ಆದರೆ ನೈಟಿಂಗೇಲ್ ಹೇಳಿದ ಆ ಗುಣವನ್ನು ಯಾವ ರಿಜಿಸ್ಟರೂ ಕೊಡಲಾರದು.

ಕಾನೂನು ಒಂದೊಂದು ದೇಶದ್ದು. ಆದ್ದರಿಂದ ರಿಜಿಸ್ಟರೂ ಒಂದೊಂದು ದೇಶದ್ದೇ. ನಮ್ಮಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ 1947ರಲ್ಲಿ ಬಂದಿತು. ನೋಂದಣಿ ಮಾಡುವುದು ರಾಜ್ಯಗಳ ಕೌನ್ಸಿಲ್‌ಗಳು. ಗಡಿ ದಾಟಿದ ಕೂಡಲೇ ಅಲ್ಲಿಯವರು ಹೊಸದಾಗಿ ಕೇಳುತ್ತಾರೆ. ಅದು ನಮ್ಮ ಮಕ್ಕಳ ಮೇಲಿನ ಅಪನಂಬಿಕೆ ಎಂದು ನೊಂದುಕೊಳ್ಳುವ ಮೊದಲು, ಇದೇ ನಿಯಮ ತಿರುಗಿ ಅನ್ವಯವಾದ ಒಂದು ಸಂಗತಿಯನ್ನು ಕೇಳಿರಿ.

ಅವರು ನಮ್ಮಲ್ಲಿಗೆ ಬಂದಾಗ

ಅನ್ನಾ ಡೆಂಗಲ್ 1892ರಲ್ಲಿ ಆಸ್ಟ್ರಿಯಾದ ಟಿರೋಲಿನಲ್ಲಿ ಹುಟ್ಟಿದವರು. ಅಂದಿನ ಅವಿಭಜಿತ ಭಾರತದ ರಾವಲ್ಪಿಂಡಿಯಲ್ಲಿ ಪರದೆಯೊಳಗಿನ ಹೆಂಗಸರು ಗಂಡಸು ವೈದ್ಯರ ಬಳಿ ಹೋಗಲಾಗದೆ ಹೆರಿಗೆಯಲ್ಲಿ ಸಾಯುತ್ತಿದ್ದಾರೆಂಬ ವಿಷಯ ಅವರಿಗೆ ತಿಳಿಯಿತು. ಅಲ್ಲಿಗೆ ಹೋಗಿ ಸೇವೆ ಮಾಡಬೇಕೆಂದು ಮನಸ್ಸಾಯಿತು. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಪತ್ರದ ಮೂಲಕ ಅವರಿಗೆ ದಾರಿ ತೋರಿಸಿದರು. ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ ವೈದ್ಯೆಯಾಗಿ ಕೆಲಸ ಮಾಡಬೇಕಾದರೆ ಬ್ರಿಟಿಷ್ ಪದವಿ ಬೇಕಾಗಿತ್ತು. ಜರ್ಮನ್ ಮಾತೃಭಾಷೆಯ ಆ ಹುಡುಗಿ ಐರ್ಲೆಂಡಿನ ಕಾರ್ಕ್ ನಗರಕ್ಕೆ ಹೋಗಿ, ಮಹಾಯುದ್ಧದ ಕಷ್ಟಕಾಲದಲ್ಲಿ ಇಂಗ್ಲಿಷಿನಲ್ಲಿ ವೈದ್ಯಶಾಸ್ತ್ರ ಓದಿ 1919ರಲ್ಲಿ ಪದವಿ ಪಡೆದರು. ಆಮೇಲೆ ರಾವಲ್ಪಿಂಡಿಗೆ ಬಂದು ದುಡಿದರು.

1925ರಲ್ಲಿ ಅವರು ಅಮೆರಿಕದಲ್ಲಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಭೆಯನ್ನು ಸ್ಥಾಪಿಸಿದರು. ಆಗ ಧರ್ಮಭಗಿನಿಯರು ಹೆರಿಗೆ ಮಾಡಿಸುವುದಕ್ಕೆ, ಪೂರ್ಣ ಪ್ರಮಾಣದ ವೈದ್ಯಕೀಯ ಮಾಡುವುದಕ್ಕೆ ಧರ್ಮಸಭೆಯ ನಿಯಮದಲ್ಲಿ ಅನುಮತಿ ಇರಲಿಲ್ಲ. 1936ರ ಫೆಬ್ರವರಿ 11ರಂದು ರೋಮ್ ಆ ಬಾಗಿಲನ್ನು ತೆರೆಯಿತು. ಧರ್ಮಭಗಿನಿಯರು ವೈದ್ಯರಾಗಿ, ನರ್ಸ್‌ಗಳಾಗಿ ಸರಿಯಾದ ಪ್ರಮಾಣಪತ್ರ ಪಡೆಯಲೆಂದು ಹೇಳಿತು. ಭಕ್ತಿ ಇದ್ದರೆ ಸಾಕು, ಕಲಿಕೆ ಬೇಡ ಎಂದು ಧರ್ಮಸಭೆ ಹೇಳಲಿಲ್ಲ. ನಮ್ಮ ದೇಶಕ್ಕೆ ಬರುವ ಮೊದಲು ಅನ್ನಾ ಡೆಂಗಲ್ ಹೊಸ ಭಾಷೆಯಲ್ಲಿ ಮೊದಲಿನಿಂದ ಓದಿದರು. ಇಂದು ನಮ್ಮ ಮಕ್ಕಳು ಓದುತ್ತಿರುವುದೂ ಅದೇ ಪಾಠವನ್ನೇ.

ಜರ್ಮನಿಗೆ ಹೋದ ಹುಡುಗಿಯರು

1960ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಅಭಾವ ತೀವ್ರವಾಗಿತ್ತು. ಕೇರಳದ ಕಥೋಲಿಕ ಮನೆಗಳಲ್ಲಿ ಹೆಣ್ಣುಮಕ್ಕಳಿದ್ದರು, ಬಡತನವಿತ್ತು. ಧರ್ಮಸಭೆಯ ಸಂಸ್ಥೆಗಳು, ಗುರುಗಳು ನಡುವೆ ನಿಂತು ಸಾವಿರಾರು ಹುಡುಗಿಯರನ್ನು ಅಲ್ಲಿಗೆ ಕಳುಹಿಸಿದರು. ಹೆಚ್ಚಿನವರು ಆಗತಾನೇ ಶಾಲೆ ಮುಗಿಸಿದವರು. ಜರ್ಮನ್ ಭಾಷೆಯ ಒಂದಕ್ಷರ ಗೊತ್ತಿಲ್ಲದೆ ಹಿಮದ ನಾಡಿನಲ್ಲಿ ಇಳಿದರು. ಅಲ್ಲಿಯೇ ಭಾಷೆ ಕಲಿತು, ಅಲ್ಲಿಯೇ ಮೂರು ವರ್ಷ ತರಬೇತಿ ಪಡೆದು, ಜರ್ಮನ್ ಭಾಷೆಯಲ್ಲಿಯೇ ಸರಕಾರಿ ಪರೀಕ್ಷೆ ಬರೆದು ನರ್ಸ್‌ಗಳಾದರು. ಅವರ ಸಂಬಳದಿಂದ ಊರಿನಲ್ಲಿ ತಮ್ಮಂದಿರು ಓದಿದರು, ತಂಗಿಯರ ಮದುವೆಯಾಯಿತು, ಮನೆಗೆ ಹೆಂಚು ಬಂದಿತು.

1973ರಲ್ಲಿ ಜರ್ಮನಿ ಹೊರದೇಶದ ಕೆಲಸಗಾರರ ನೇಮಕವನ್ನು ನಿಲ್ಲಿಸಿತು. 70ರ ದಶಕದ ಕೊನೆಯ ವರ್ಷಗಳಲ್ಲಿ ಈ ನರ್ಸ್‌ಗಳಲ್ಲಿ ಹಲವರ ವಾಸದ ಪರವಾನಗಿ ಮುಂದುವರಿಯಲಿಲ್ಲ. ಅದೇ ದೇಶದಲ್ಲಿ ಕಲಿತು, ಅದೇ ದೇಶದ ಪರೀಕ್ಷೆ ಗೆದ್ದು, ಅಲ್ಲಿನ ವೃದ್ಧರನ್ನು ವರ್ಷಗಟ್ಟಲೆ ಎತ್ತಿ ಮಲಗಿಸಿದವರು ಹೊರಡಬೇಕಾಯಿತು. ಉಳಿದವರನ್ನು ಮದುವೆಯಾಗಿ ಹೋದ ಗಂಡಂದಿರಿಗೆ ಮೊದಲ ಕೆಲವು ವರ್ಷ ಕೆಲಸ ಮಾಡಲು ಅನುಮತಿಯಿರಲಿಲ್ಲ. ಓದಿದ ಗಂಡಸರು ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಂಡರು. ಪರೀಕ್ಷೆ ಗೆಲ್ಲುವುದು ಬೇರೆ, ಒಂದು ನಾಡು ನಮ್ಮನ್ನು ತನ್ನವರೆಂದು ಒಪ್ಪುವುದು ಬೇರೆ ಎಂಬುದನ್ನು ಈ ಚರಿತ್ರೆ ಕಲಿಸುತ್ತದೆ.

ಅದೇ ಜರ್ಮನಿ ಈಗ ಮತ್ತೆ ಕರೆಯುತ್ತಿದೆ. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನು ಹೊರದೇಶದ ವಿದ್ಯಾರ್ಹತೆಯನ್ನು ತಮ್ಮದರೊಡನೆ ಹೋಲಿಸಿ ನೋಡುವ ಕ್ರಮವನ್ನು ಗೊತ್ತುಮಾಡಿತು. ಕೊರತೆ ಕಂಡರೆ ತರಬೇತಿ ಪಡೆಯಬೇಕು ಇಲ್ಲವೇ ಪರೀಕ್ಷೆ ಕೊಡಬೇಕು. ಜರ್ಮನ್ ಭಾಷೆಯಲ್ಲಿ ಸಾಮಾನ್ಯವಾಗಿ ಬಿ2 ಎಂಬ ಮಟ್ಟ ಮುಟ್ಟಬೇಕು.

ಅಮೆರಿಕ ಮತ್ತು ಬ್ರಿಟನ್

ಅಮೆರಿಕದ ದಾರಿ ತೆರೆದದ್ದು 1965ರ ವಲಸೆ ಕಾನೂನಿನಿಂದ. ಅಲ್ಲಿಯವರೆಗೆ ಯುರೋಪಿನವರಿಗೆ ಅನುಕೂಲವಾಗಿದ್ದ ದೇಶವಾರು ಪಾಲು ರದ್ದಾಗಿ, ಕಸುಬು ಕಲಿತ ಏಷ್ಯಾದವರಿಗೂ ಅವಕಾಶ ಸಿಕ್ಕಿತು. ಫಿಲಿಪೈನ್ಸ್, ಕೊರಿಯಾ, ಭಾರತದ ನರ್ಸ್‌ಗಳು ಹೋದರು. ಆದರೆ ವೀಸಾ ಬೇರೆ, ಲೈಸೆನ್ಸ್ ಬೇರೆ. ಅಲ್ಲಿಗೆ ತಲುಪಿದ ಮೇಲೆ ರಾಜ್ಯದ ಪರೀಕ್ಷೆಯಲ್ಲಿ ಹೆಚ್ಚಿನವರು ಅನುತ್ತೀರ್ಣರಾದರು. ನರ್ಸ್ ಆಗಿ ಹೋದವರು ಕಡಿಮೆ ಸಂಬಳಕ್ಕೆ ಆಯಾಗಳಂತೆ ದುಡಿಯಬೇಕಾಯಿತು.

ಈ ಸಂಕಟಕ್ಕೆ ಪರಿಹಾರವೆಂದು ಅಲ್ಲಿನ ನರ್ಸ್‌ಗಳ ಸಂಘಟನೆಗಳು 1977ರಲ್ಲಿ ಸಿಜಿಎಫ್‌ಎನ್‌ಎಸ್ ಎಂಬ ಮಂಡಳಿಯನ್ನು ಸ್ಥಾಪಿಸಿದವು. ಊರು ಬಿಡುವ ಮೊದಲೇ ನರ್ಸಿಂಗ್ ಮತ್ತು ಇಂಗ್ಲಿಷ್ ಪರೀಕ್ಷೆ ಬರೆದು, ಅಲ್ಲಿ ಗೆಲ್ಲುವ ಶಕ್ತಿ ತನಗಿದೆಯೇ ಎಂದು ತಿಳಿದುಕೊಳ್ಳುವ ವ್ಯವಸ್ಥೆ ಇದು. ಮನೆ ಮಾರಿ ಹೋಗಿ ಅಲ್ಲಿ ಬೀಳುವುದಕ್ಕಿಂತ ಇಲ್ಲಿಯೇ ತಿಳಿಯುವುದು ಮೇಲಲ್ಲವೇ? ಮುಂದೆ 1982ರಲ್ಲಿ ಎನ್‌ಕ್ಲೆಕ್ಸ್ ಎಂಬ ಪರೀಕ್ಷೆ ಬಂದಿತು. 1994ರಿಂದ ಅದು ಕಂಪ್ಯೂಟರಿನಲ್ಲಿ ನಡೆಯುತ್ತದೆ. ಕೊಟ್ಟ ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಾದರೆ ಸುಲಭವಾಗುತ್ತದೆ. ಆದ್ದರಿಂದ ಪ್ರಶ್ನೆಗಳು ಕಷ್ಟವಾಗುತ್ತಾ ಹೋದರೆ ಹೆದರಬೇಕಾಗಿಲ್ಲ. 2005ರವರೆಗೆ ಈ ಪರೀಕ್ಷೆಗೆ ಅಮೆರಿಕದ ನೆಲಕ್ಕೇ ಹೋಗಬೇಕಿತ್ತು. ಆ ವರ್ಷ ಲಂಡನ್, ಹಾಂಗ್‌ಕಾಂಗ್, ಸೋಲ್ ನಗರಗಳಲ್ಲಿ ಕೇಂದ್ರ ತೆರೆಯಿತು. ಆಮೇಲೆ ಭಾರತದಲ್ಲಿಯೂ ತೆರೆಯಿತು.

ಬ್ರಿಟನ್ನಿನಲ್ಲಿ 2002ರಿಂದ ನರ್ಸ್‌ಗಳ ರಿಜಿಸ್ಟರ್ ಇರುವುದು ಎನ್‌ಎಂಸಿ ಎಂಬ ಮಂಡಳಿಯ ಕೈಯಲ್ಲಿ. 2014ರ ಅಕ್ಟೋಬರ್‌ನಲ್ಲಿ ಅದು ಎರಡು ಹಂತದ ಪರೀಕ್ಷೆಯನ್ನು ತಂದಿತು. ಮೊದಲನೆಯದನ್ನು ಇಲ್ಲಿಯೇ ಕಂಪ್ಯೂಟರಿನಲ್ಲಿ ಬರೆಯಬಹುದು. ಎರಡನೆಯದು ಓಸ್ಕಿ. ಅದಕ್ಕೆ ಬ್ರಿಟನ್ನಿಗೇ ಹೋಗಬೇಕು. ಅಲ್ಲಿ ಪರೀಕ್ಷಕರ ಎದುರಿನಲ್ಲಿ ರೋಗಿಯೊಡನೆ ಮಾತನಾಡಿ, ಪರೀಕ್ಷಿಸಿ, ಔಷಧಿ ಕೊಟ್ಟು, ಮಾಡಿದ್ದನ್ನು ಬರೆದು ತೋರಿಸಬೇಕು. ಕೈ ತೊಳೆಯುವುದನ್ನೂ, ರೋಗಿಯ ಹೆಸರು ಕೇಳಿ ಖಚಿತಪಡಿಸಿಕೊಳ್ಳುವುದನ್ನೂ ನೋಡುತ್ತಾರೆ. ಚೆನ್ನಾಗಿ ಓದಿದವರು ಇಂಥ ಸಣ್ಣ ವಿಷಯದಲ್ಲಿ ಎಡವುತ್ತಾರೆ. ನೈಟಿಂಗೇಲ್ ಮತ್ತು ಫೆನ್ವಿಕ್ ಇಬ್ಬರ ಮಾತನ್ನೂ ಒಂದೇ ಕೋಣೆಯಲ್ಲಿ ಪರೀಕ್ಷಿಸುವ ಪ್ರಯತ್ನವಿದು ಎನ್ನಬಹುದು.

ಸುಳ್ಳು ಪತ್ರದ ಬೆಲೆ

ಈ ಎಲ್ಲ ಪರೀಕ್ಷೆಗಳಿಗೂ ಮುಂಚೆ ಕಾಗದಪತ್ರಗಳ ಪರಿಶೀಲನೆ ಇದೆ. ಎಷ್ಟೋ ಕಡೆ ಕಾಲೇಜು ಮತ್ತು ನರ್ಸಿಂಗ್ ಕೌನ್ಸಿಲ್ ದಾಖಲೆಗಳನ್ನು ಅಭ್ಯರ್ಥಿಯ ಕೈಗೆ ಕೊಡದೆ ನೇರವಾಗಿ ಕಳುಹಿಸಬೇಕು. ಇಷ್ಟು ಬಿಗಿ ಯಾಕೆಂದು ಕೇಳುವವರಿಗೆ ಎರಡು ಘಟನೆ ಹೇಳುತ್ತೇನೆ. 2006ರ ಜೂನ್‌ನಲ್ಲಿ ಫಿಲಿಪೈನ್ಸ್ ದೇಶದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯ ಪ್ರಶ್ನೆಗಳು ಸೋರಿಕೆಯಾದವು. ಪರೀಕ್ಷೆ ಬರೆದವರು 40,000ಕ್ಕೂ ಹೆಚ್ಚು. ಆ ಪರೀಕ್ಷೆಯಲ್ಲಿ ಗೆದ್ದವರು ಸೋರಿಕೆಯಾದ ಭಾಗಗಳನ್ನು ಮತ್ತೆ ಬರೆಯದೆ ಅಮೆರಿಕಕ್ಕೆ ಬರುವಂತಿಲ್ಲವೆಂದು 2007ರಲ್ಲಿ ಸಿಜಿಎಫ್‌ಎನ್‌ಎಸ್ ತೀರ್ಮಾನಿಸಿತು. ಕೆಲವರ ಮೋಸಕ್ಕೆ ಪ್ರಾಮಾಣಿಕರೂ ಎರಡು ಸಲ ಕುಳಿತು ಬರೆಯಬೇಕಾಯಿತು. ಇನ್ನೊಂದು ಅಮೆರಿಕದಲ್ಲೇ ನಡೆದದ್ದು. ಫ್ಲಾರಿಡಾದ ಮೂರು ನರ್ಸಿಂಗ್ ಶಾಲೆಗಳ ಹೆಸರಿನಲ್ಲಿ 7,600ಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರ ಮಾರಾಟವಾದದ್ದು 2023ರ ಜನವರಿಯಲ್ಲಿ ಬಯಲಾಯಿತು. ಮೋಸ ಯಾವುದೇ ಒಂದು ದೇಶದ ಸೊತ್ತಲ್ಲ.

ನನ್ನ ಅನುಭವವನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ನನ್ನ ಬಳಿ ಬಂದರು. ಮಗಳಿಗೆ ಎರಡು ವರ್ಷದ ಅನುಭವ ಬೇಕಾಗಿತ್ತು, ಇದ್ದದ್ದು ಎಂಟೇ ತಿಂಗಳು. "ನಮ್ಮ ಸಿಸ್ಟರುಗಳ ದವಾಖಾನೆಯಲ್ಲಿ ಕೆಲಸ ಮಾಡಿದ್ದಾಳೆಂದು ಒಂದು ಪತ್ರ ಬರೆದುಕೊಡಿ ಫಾದರ್. ನಿಮ್ಮ ಸಹಿಯನ್ನು ಯಾರು ಪ್ರಶ್ನಿಸುತ್ತಾರೆ?" ಎಂದರು. ಯಾರೂ ಪ್ರಶ್ನಿಸುವುದಿಲ್ಲ ಎಂಬ ಕಾರಣಕ್ಕೇ ಆ ಸಹಿ ಸುಳ್ಳಿಗೆ ಬೀಳಬಾರದಲ್ಲವೇ? ನಾನು ಆಗುವುದಿಲ್ಲವೆಂದೆ. ಅದು ಸರಿ. ಆದರೆ ಗದರಿಸಿ ಕಳುಹಿಸಿದೆ. ಅವರು ತೋಟ ಅಡವಿಟ್ಟು ಏಜೆಂಟನಿಗೆ ಹಣ ಕೊಟ್ಟಿದ್ದರು. ಅದನ್ನು ಕೇಳುವ ವ್ಯವಧಾನ ನನಗಿರಲಿಲ್ಲ. ಹಲವು ತಿಂಗಳು ಆ ಕುಟುಂಬ ಬಲಿಪೂಜೆಗೆ ಬರಲಿಲ್ಲ. ಕೊನೆಗೆ ಮಗಳೇ ಬಂದಳು. "ಅಪ್ಪ ನಿಮ್ಮನ್ನು ಕೇಳಿದ್ದು ನನಗೆ ಗೊತ್ತಿರಲಿಲ್ಲ ಫಾದರ್. ನಾನು ಉಳಿದ ತಿಂಗಳುಗಳನ್ನು ಕೆಲಸ ಮಾಡಿಯೇ ಮುಗಿಸುತ್ತೇನೆ" ಎಂದಳು. ಹಾಗೆಯೇ ಮುಗಿಸಿದಳು. ಪರೀಕ್ಷೆಯನ್ನು ಎರಡನೆಯ ಸಲ ಗೆದ್ದಳು. ಆಕೆಯ ತಂದೆಯ ಕ್ಷಮೆಯನ್ನು ನಾನು ಕೇಳಿದೆ, ಅವರು ನನ್ನದನ್ನು ಕೇಳಿದರು.

ನಾವು ಮಾಡಬಹುದಾದದ್ದು

2014ರ ಜುಲೈನಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಯುದ್ಧದ ನಡುವೆ ಸಿಕ್ಕಿಬಿದ್ದಿದ್ದ 46 ಭಾರತೀಯ ನರ್ಸ್‌ಗಳು ಪಾರಾಗಿ ಕೊಚ್ಚಿಗೆ ಬಂದಿಳಿದರು. ಗುಂಡಿನ ಸದ್ದು ಕೇಳುತ್ತಿದ್ದರೂ ಊರಿಗೆ ಮರಳಲು ಅವರಲ್ಲಿ ಕೆಲವರು ಹಿಂಜರಿದಿದ್ದರು. ಕಾರಣ, ತಲೆಯ ಮೇಲಿದ್ದ ಸಾಲ. ಮರುವರ್ಷ, 2015ರಲ್ಲಿ, ಕೇಂದ್ರ ಸರಕಾರ ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ನರ್ಸ್‌ಗಳ ನೇಮಕವನ್ನು ಸರಕಾರಿ ಸಂಸ್ಥೆಗಳ ಮೂಲಕವೇ ನಡೆಸಬೇಕೆಂದು ಆಜ್ಞೆ ಮಾಡಿತು. ಬ್ರಿಟನ್ನಿನ ನೇಮಕಾತಿ ನೀತಿಸಂಹಿತೆಯ ಪ್ರಕಾರ ಏಜೆಂಟರು ನೇಮಕಕ್ಕಾಗಿ ಅಭ್ಯರ್ಥಿಯಿಂದ ಹಣ ಕೇಳುವಂತಿಲ್ಲ. ಇದು ಗೊತ್ತಿಲ್ಲದೆ ನಮ್ಮ ಎಷ್ಟು ಮನೆಗಳು ಲಕ್ಷಗಟ್ಟಲೆ ತೆತ್ತಿವೆ!

ಆದ್ದರಿಂದ ತಂದೆತಾಯಂದಿರೇ, ಹಣ ಕೊಡುವ ಮೊದಲು ಆ ಏಜೆಂಟ್ ಸರಕಾರದಲ್ಲಿ ನೋಂದಾಯಿತನೇ ಎಂದು ನೋಡಿರಿ. ಮಗಳ ಮೂಲ ಪ್ರಮಾಣಪತ್ರಗಳನ್ನು ಯಾರ ಕೈಯಲ್ಲೂ ಬಿಟ್ಟು ಬರಬೇಡಿರಿ. ಪರೀಕ್ಷೆಯಲ್ಲಿ ಸೋತವಳನ್ನು ಸಾಲದ ಲೆಕ್ಕ ಹೇಳಿ ಚುಚ್ಚಬೇಡಿರಿ. ಗೆದ್ದು ಹೋದವಳನ್ನು ಹಣ ಕಳುಹಿಸುವ ಯಂತ್ರವೆಂದು ತಿಳಿಯಬೇಡಿರಿ. ಧರ್ಮಕೇಂದ್ರಗಳೂ ಸುಮ್ಮನಿರಬಾರದು. ಹೋಗಿ ಬಂದ ಅಕ್ಕಂದಿರು, ನಿವೃತ್ತರಾದ ಸಿಸ್ಟರುಗಳು ನಮ್ಮಲ್ಲಿದ್ದಾರೆ. ಸಂಜೆ ಜಪಮಾಲೆಯ ನಂತರ ಒಂದು ಗಂಟೆ ಸಭಾಭವನದ ದೀಪ ಹಾಕಿಟ್ಟು, ಓದುವವರಿಗೆ ಜಾಗ ಕೊಟ್ಟರೆ ನಷ್ಟವೇನಿಲ್ಲ.

ಹೋಗದೆ ಇಲ್ಲಿಯೇ ಉಳಿದು, ಕಡಿಮೆ ಸಂಬಳಕ್ಕೆ ನಮ್ಮ ರೋಗಿಗಳನ್ನು ನೋಡಿಕೊಳ್ಳುವ ನರ್ಸ್‌ಗಳನ್ನೂ ಮರೆಯಬಾರದು. ಅವರು ಸೋತವರಲ್ಲ. ಅವರಿಗೆ ತಕ್ಕ ಸಂಬಳ ಕೊಡುವುದು ನ್ಯಾಯದ ವಿಷಯ. ಆ ನ್ಯಾಯ ನಮ್ಮ ಧರ್ಮಸಭೆಯ ಆಸ್ಪತ್ರೆಗಳಿಂದಲೇ ಮೊದಲು ಆರಂಭವಾಗಬೇಕು.

ಪ್ರಿಯರೇ, ಫೆಬೆಗೆ ಪರಿಚಯ ಪತ್ರ ಬರೆದ ಪೌಲರೇ ಕೊರಿಂಥದವರಿಗೆ ಬರೆಯುತ್ತಾ ಇನ್ನೊಂದು ಮಾತು ಹೇಳುತ್ತಾರೆ. ತಮಗೆ ಬೇರೆ ಶಿಫಾರಸು ಪತ್ರ ಬೇಡ, ಹೃದಯದಲ್ಲಿ ಬರೆಯಲ್ಪಟ್ಟ ಆ ಜನರೇ ತಮ್ಮ ಪತ್ರ ಎನ್ನುತ್ತಾರೆ. ಎರಡೂ ಪತ್ರಗಳು ಬೇಕು. ಕೈಯಲ್ಲಿರುವ ಕಾಗದ ಸತ್ಯವಾಗಿರಬೇಕು. ಹೃದಯದಲ್ಲಿರುವುದು ರೋಗಿಯ ಹಾಸಿಗೆಯ ಬಳಿ ಕಾಣಬೇಕು.

ಈ ತೆನೆ ಹಬ್ಬದಂದು ಲಕೋಟೆಯಲ್ಲಿ ಕಾಳು ಕಳುಹಿಸುವಾಗ ಆ ಮಗಳಿಗಾಗಿ ಒಂದು ನಮೋ ಮರಿಯ ಹೇಳಿರಿ. ಇನ್ನೂ ಪರೀಕ್ಷೆಗೆ ಓದುತ್ತಾ ಮನೆಯಲ್ಲೇ ಇರುವ ಮಗಳಿಗೆ ಮೊದಲ ಬಟ್ಟಲು ಕೊಡಿರಿ. ಗರ್ಭಿಣಿಯಾಗಿದ್ದ ಎಲಿಜಬೇತಳ ಮನೆಗೆ ಅವಸರವಾಗಿ ಬೆಟ್ಟ ಹತ್ತಿ ಹೋದ ಮಾತೆ ಮರಿಯಮ್ಮನವರು, ರೋಗಿಗಳ ಸೇವೆಗೆ ದೂರ ಹೋದ ನಮ್ಮೆಲ್ಲ ಮಕ್ಕಳನ್ನು ಕಾಯಲಿ. ಆಮೆನ್.